ಸರ್ವರ್ ಮೇಡಂ ಜ್ಯೋತಿಲಕ್ಷ್ಮಿ

ಕುರುಬರಹಳ್ಳಿ ಸರ್ಕಲ್ಲಿನಿಂದ ಒಳಕ್ಕೆ ತಿರುಗಿದರೆ ಒಂದು ಅಡ್ಡರಸ್ತೆಯ ಕೊನೆಯಲ್ಲಿ ಫಿಸಿಯೋಥೆರಪಿ ಕೇಂದ್ರವೊಂದಿದೆ. ಮೊದಲು ಅದು ಮದುವೆ ಛತ್ರವಾಗಿತ್ತು. ಎಲೆ ಹಾಸುತ್ತಿದ್ದ ಊಟದ ಹಾಲಿನಲ್ಲಿ ಈಗ ಹದಿನಾಲ್ಕು ಮಂಚಗಳಿವೆ. ದಾನಿಗಳ ದುಡ್ಡಿನಲ್ಲಿ ನಡೆಯುವ ಜಾಗವಾದ್ದರಿಂದ ಬಂದವರು ಏನೂ ಕೊಡಬೇಕಾಗಿಲ್ಲ. ಮೊಣಕಾಲು ಹಿಡಿದವರು, ಬಿದ್ದು ಸೊಂಟ ಮುರಿದುಕೊಂಡವರು, ಲಕ್ವ ಹೊಡೆದು ಒಂದು ಕಡೆ ಸ್ವಾಧೀನ ತಪ್ಪಿದವರು ಆಟೋದಲ್ಲಿ ಬಂದು ಇಳಿಯುತ್ತಾರೆ. ಅಲ್ಲಿ ಹೋಗಿ ಜ್ಯೋತಿಲಕ್ಷ್ಮಿ ಎಲ್ಲಿ ಎಂದು ಕೇಳಿದರೆ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ. ಸರ್ವರ್ ಮೇಡಂ ಎಂದರೆ ಕಸ ಗುಡಿಸುವವರು ಕೂಡ ಮಹಡಿ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆ ತೋರಿಸುತ್ತಾರೆ.

ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಹನ್ನೊಂದು ವರ್ಷದ ಹಿಂದೆ ಅವಳು ಸೇರಿದ್ದು ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ. ಹೆಣ್ಣುಮಕ್ಕಳ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡಿಪ್ಲೊಮಾಗೆ ಸೇರಿ, ಎರಡನೇ ವರ್ಷ ಮುಗಿಯುವ ಹೊತ್ತಿಗೆ ಮದುವೆ ಗೊತ್ತಾಗಿ, ಅಲ್ಲಿಗೇ ಓದು ನಿಂತಿತ್ತು. ಆಗೆಲ್ಲ ಕೇಂದ್ರದ ಮುಂದೆ ಬೆಳಗಿನ ಜಾವಕ್ಕೇ ಟೋಕನ್ನಿನ ಸಾಲು ಶುರುವಾಗುತ್ತಿತ್ತು. ಕೊರೊನಾ ಬಂದಾಗ ಸಾಲು ನಿಲ್ಲಿಸಲೇಬೇಕಾಯಿತು. ಯಾವುದೋ ಕಾಲೇಜಿನ ಹುಡುಗರು ಬಂದು, ಫೋನಿನಿಂದಲೇ ಸ್ಲಾಟ್ ಹಿಡಿಯುವ ಹಾಗೆ ಒಂದು ವೆಬ್‌ಸೈಟು ಮಾಡಿಕೊಟ್ಟು, ಪರೀಕ್ಷೆ ಹತ್ತಿರ ಬಂತೆಂದು ಹೊರಟುಹೋದರು. ದಿನವೂ ಬೆಳಿಗ್ಗೆ ಆರಕ್ಕೆ ಮರುದಿನದ ಎಂಬತ್ತನಾಲ್ಕು ಸ್ಲಾಟು ತೆರೆದುಕೊಳ್ಳಬೇಕು. ಅದನ್ನು ನೋಡಿಕೊಳ್ಳುವವರು ಯಾರು ಎಂದಾಗ ಎಲ್ಲರೂ ಡಿಪ್ಲೊಮಾ ಅರ್ಧ ಓದಿದ್ದ ಜ್ಯೋತಿಲಕ್ಷ್ಮಿಯ ಕಡೆ ನೋಡಿದರು.

ಅವಳು ಹಿಂದೆಗೆಯಲಿಲ್ಲ. ವಿಡಿಯೋ ನೋಡಿ ನೋಡಿ, ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಒಂದೊಂದು ಆಜ್ಞೆಯನ್ನೂ ಇಂಗ್ಲಿಷಿನಲ್ಲಿ ಬರೆದುಕೊಂಡು, ಪಕ್ಕದಲ್ಲಿ ಅದೇನು ಮಾಡುತ್ತದೆಂದು ಕನ್ನಡದಲ್ಲಿ ಬರೆದುಕೊಂಡು ಕಲಿತಳು. ಮೊದಲ ವರ್ಷ ಸೈಟು ಮಾತೆತ್ತಿದರೆ ನಿಲ್ಲುತ್ತಿತ್ತು. ವಿಜಯನಗರದ ಮಾರುತಿ ಮಂದಿರದ ಹಿಂದಿನ ಮನೆಯಲ್ಲಿ ಕುಕ್ಕರ್ ಒಲೆಯ ಮೇಲಿಟ್ಟು, ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದ ಮೇಲೆ ತೆರೆದು, ಮೂರನೇ ಸೀಟಿ ಬರುವುದರೊಳಗೆ ಅದನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಗಂಡ ಸುಬ್ರಮಣಿ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸದವನು. ಅವನು ಅಂಗಡಿಯಲ್ಲಿ, "ನಮ್ಮನೆಯವ್ಳು ಸರ್ವರ್ ನೋಡ್ಕೋತಾಳೆ," ಎಂದು ಹೆಮ್ಮೆಯಿಂದ ಹೇಳಿದಾಗ, "ಯಾವ ದರ್ಶಿನಿ ಹೋಟ್ಲಲ್ಲಿ ಗುರು?" ಎಂದು ಜೊತೆಯವರು ಕೇಳಿದ್ದರಂತೆ. ಆ ಮಾತಿಗೆ ಮನೆಯವರೆಲ್ಲ ಬಹಳ ದಿನ ನಕ್ಕಿದ್ದರು.

ಹೋದ ವರ್ಷದ ಯುಗಾದಿ ಕಳೆದ ಮೇಲೆ ಅವಳು ಎರಡು ಕೆಲಸ ಮಾಡಿದಳು. ಬರುವ ಜನ ಹೆಚ್ಚಾಗಿದ್ದರಿಂದ, ಸರ್ವರ್ ಒಂದೇ ಸಲಕ್ಕೆ ಎಷ್ಟು ಜನರ ಕೆಲಸ ಕೈಗೆತ್ತಿಕೊಳ್ಳಬಹುದೆಂಬ ಲೆಕ್ಕವನ್ನು ನಲವತ್ತರಿಂದ ಮುನ್ನೂರಕ್ಕೆ ಏರಿಸಿದಳು. ಹೆಚ್ಚು ಮಾಡಿದಷ್ಟೂ ಒಳ್ಳೆಯದೆಂದು ಒಂದು ವಿಡಿಯೋದಲ್ಲಿ ಹೇಳಿದ್ದರು. ಜೊತೆಗೆ ಒಂದು ಕಾವಲು ಕೂರಿಸಿದಳು. ಪ್ರತಿ ಐದು ನಿಮಿಷಕ್ಕೊಮ್ಮೆ ತಾನಾಗಿಯೇ ಸೈಟಿನ ಮೊದಲ ಪುಟ ತೆರೆದು, ತೆರೆಯಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡುವ ಪುಟ್ಟ ಪ್ರೋಗ್ರಾಂ ಅದು. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗೆರೆ, ಕೆಟ್ಟರೆ ಕೆಂಪು. ಆವತ್ತಿನಿಂದ ಗೆರೆ ಹಸಿರಾಗಿಯೇ ಓಡಿತು. ತಿಂಗಳ ಕೊನೆಗೆ ಸರಾಸರಿ ತೆಗೆದರೆ ಅರ್ಧ ಸೆಕೆಂಡೂ ಇರುತ್ತಿರಲಿಲ್ಲ. ಟ್ರಸ್ಟಿನ ಕಾರ್ಯದರ್ಶಿ ಉಗ್ರಪ್ಪನವರು, ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಆ ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ ದಾನಿಗಳಿಗೆ ಕಳಿಸುತ್ತಿದ್ದರು. ನವೆಂಬರಿನ ರಾಜ್ಯೋತ್ಸವದ ದಿನ ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಒಂದು ದಿನವೂ ನಿಲ್ಲದ ಸೇವೆ" ಎಂದು ಮೈಕಿನಲ್ಲಿ ಹೊಗಳಿದರು. ಓದು ನಿಂತುಹೋದ ಹುಡುಗಿಯೊಬ್ಬಳು ನಲವತ್ತಾರನೇ ವಯಸ್ಸಿಗೆ ಪಡೆದ ಮೊದಲ ಬಹುಮಾನ ಅದು. ಆವತ್ತು ಅವಳು ಮನೆಗೆ ನಡೆದು ಬಂದದ್ದು ನೆಲದ ಮೇಲಲ್ಲ.

ಆದ್ದರಿಂದಲೇ ಕೌಂಟರಿಗೆ ಯಾರಾದರೂ ಬಂದು ಸೈಟು ತೆರೆಯುತ್ತಿಲ್ಲ ಎಂದರೆ ಅವಳ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಚಿಕ್ಕಹನುಮಯ್ಯ ಎಂಬುವರು ಹಾಗೆ ಬಂದರು. ಗೋವಿಂದರಾಜನಗರದಲ್ಲಿ ಬಾಡಿಗೆಗಿದ್ದವರು. ಮಾಗಡಿ ರಸ್ತೆಯ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಸಾಲೆ ಕಲಸಿ ಬಿಟ್ಟವರು. ಫೆಬ್ರವರಿಯಲ್ಲಿ ಹೆಂಡತಿ ರಾಮಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಅರ್ಧ ಮಾತು ಹೋಗಿತ್ತು. ದೊಡ್ಡಾಸ್ಪತ್ರೆಯವರು ಮಾರ್ಚಿನಲ್ಲಿ ಈ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟಿದ್ದರು.

"ಆರು ಗಂಟೆಗೆ ಸರ್ಯಾಗಿ ಒತ್ತುತೀನಮ್ಮ," ಎಂದರು. "ಬಿಳೀ ಹಾಳೆ ಬಂದು ನಿಂತ್ಬಿಡುತ್ತೆ. ಚಕ್ರ ತಿರುಗ್ತಾನೇ ಇರುತ್ತೆ. ಆಮೇಲೆ ನೋಡಿದ್ರೆ ಎಲ್ಲಾ ಮುಗ್ದೋಗಿರುತ್ತೆ."

ಜ್ಯೋತಿಲಕ್ಷ್ಮಿ ಎದ್ದು, ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. "ನೋಡಿ ಯಜಮಾನ್ರೆ, ಇಲ್ಲಿ ಪೂರ್ತಿ ಹಸಿರಿದೆ. ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ. ನಿಮ್ಮ ಫೋನ್ ಹಳೇದು ಅಲ್ವಾ, ಅದಕ್ಕೇ ಎಳೀತಾ ಇರೋದು. ಬೇರೆ ಫೋನಲ್ಲಿ ಟ್ರೈ ಮಾಡಿ."

ಅವರು ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು. ಅರ್ಥವಾಯಿತೆಂಬಂತೆ ತಲೆಯಾಡಿಸಿ, ತಮ್ಮ ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೊರಟರು. ಅವಳು ಒರಟಾಗಿ ಮಾತಾಡಿರಲಿಲ್ಲ. ಮುಖದಲ್ಲಿ ನಗು ಕೂಡ ಇತ್ತು. ಎಷ್ಟು ಸೌಜನ್ಯದಿಂದ ಅವರನ್ನು ವಾಪಸು ಕಳಿಸಿದೆ ಎಂಬುದೇ ಆಮೇಲೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಜೂನ್ ಮೊದಲ ವಾರ ಅವರು ಮತ್ತೆ ಬಂದರು. ಕೈಯಲ್ಲಿ ಬೇರೆ ಫೋನಿತ್ತು, ಹಿಂಬದಿಯ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ.

"ನೀವ್ ಹೇಳ್ದಂಗೇ ಫೋನ್ ಬದಲಾಯಿಸ್ದೆ ಕಣಮ್ಮ. ಮಗಳು ಹೊಸ್ದಾಗಿ ತಗೊಂಡಿದ್ಲು, ಅದನ್ನ ನಂಗ್ ಕೊಟ್ಟು ನನ್ ಹಳೇದನ್ನ ಅವ್ಳಿಟ್ಕೊಂಡವ್ಳೆ. ಆದ್ರೂ ಬರ್ತಿಲ್ಲ." ಅವರು ಬಲಗೈಯ ತೋರುಬೆರಳನ್ನು ಪಂಚೆಗೆ ಒರೆಸಿ ಮುಂದೆ ಹಿಡಿದರು. ವರ್ಷಗಟ್ಟಲೆ ಮಸಾಲೆ ನಾದಿ ಅದರ ತುದಿ ಕಪ್ಪಗೆ, ನುಣ್ಣಗೆ ಸವೆದಿತ್ತು. "ರೇಷನ್ ಅಂಗ್ಡೀಲೂ ಮಿಷನ್ನು ನನ್ ಬೆಟ್ಟು ತಗೊಳ್ಳಲ್ಲ. ಇದೂ ಹಂಗೇ ಏನೋ. ಒಂದ್ಸಲ ನೀವ್ ಒತ್ತೋದನ್ನ ನಾನ್ ನೋಡ್ಬೇಕಲ್ಲ. ನಾನೆಲ್ಲಿ ತಪ್ಪು ಮಾಡ್ತಾ ಇದೀನಿ ಅಂತ ಗೊತ್ತಾಗ್ಬುಡ್ತದೆ."

ಅವರು ದೂರು ಕೊಡಲು ಬಂದಿರಲಿಲ್ಲ, ಪಾಠ ಹೇಳಿಸಿಕೊಳ್ಳಲು ಬಂದಿದ್ದರು. ಜ್ಯೋತಿಲಕ್ಷ್ಮಿಗೆ ಒಳಗೊಳಗೇ ಬೇಸರವಾಯಿತು, ಆದರೂ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ನಾಳೆ ಆರಕ್ಕೆ ಹತ್ ನಿಮಿಷ ಮುಂಚೆ ಇಲ್ಲೇ ಬಾಗ್ಲತ್ರ ಇರಿ. ಬರ್ತೀನಿ," ಎಂದಳು.

ಮರುದಿನ ಅವಳು ಸ್ಕೂಟರು ನಿಲ್ಲಿಸುವ ಹೊತ್ತಿಗೆ ಅವರು ಕೇಂದ್ರದ ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ಬೀಗದ ಕೈ ಇದ್ದ ವಾಚ್‌ಮನ್ ಬರುವುದು ಏಳಕ್ಕೆ. ಹಾಗಾಗಿ ಅವಳೂ ಅಲ್ಲೇ ಪಕ್ಕದಲ್ಲಿ ಕೂತಳು. ಕಾವಲು ಕೂರಿಸಿದ ಮೇಲೆ ಅವಳು ಸೈಟು ನೋಡಿದ್ದೆಲ್ಲ ಒಳಗೆ, ಕಚೇರಿಯ ಇಂಟರ್ನೆಟ್ಟಿನಲ್ಲಿ, ಒಂಬತ್ತು ಗಂಟೆಯ ಮೇಲೆ. ಹೊರಗೆ ಕೂತು, ಸಾಮಾನ್ಯ ಸಿಮ್ಮಿನಲ್ಲಿ, ಆರು ಗಂಟೆಗೆ ನೋಡಿದ್ದೇ ಇರಲಿಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ, ಹಸಿರು ಗೆರೆ ಇತ್ತಲ್ಲ.

ಆರು ಹೊಡೆಯಿತು. ಚಿಕ್ಕಹನುಮಯ್ಯ ಬೆರಳಿಟ್ಟರು. ಬಿಳಿ ಹಾಳೆ ಬಂದು, ನಡುವೆ ಒಂದು ಚಕ್ರ ತಿರುಗತೊಡಗಿತು.

"ನಾನ್ ಒತ್ತುತೀನಿ ಕೊಡಿ," ಎಂದು ಅವಳು ಫೋನು ತೆಗೆದುಕೊಂಡಳು. ಹಿಂದಕ್ಕೆ ಹೋಗಿ ಮತ್ತೆ ಒತ್ತಿದಳು. ಚಕ್ರ ತಿರುಗುತ್ತಲೇ ಇತ್ತು. ತನ್ನ ಫೋನು ತೆಗೆದು ಅದರಲ್ಲೂ ಒತ್ತಿದಳು. ಈಗ ಎರಡು ಚಕ್ರ. ಒಂದು ನಿಮಿಷವಾಯಿತು, ಎರಡಾಯಿತು.

"ನಿಮ್ ಬೆಟ್ಗೂ ಹಿಂಗೇ ಆಗ್ತದೆ," ಎಂದರು ಚಿಕ್ಕಹನುಮಯ್ಯ, ಸ್ವಲ್ಪ ಆಶ್ಚರ್ಯದಿಂದ.

ಅವಳು ಚೀಲದಿಂದ ಲ್ಯಾಪ್‌ಟಾಪು ತೆಗೆದು ತೊಡೆಯ ಮೇಲಿಟ್ಟು ಕಾವಲಿನ ಪರದೆ ತೆರೆದಳು. ಆರು ಗಂಟೆ ಐದು ನಿಮಿಷದ ಚುಕ್ಕೆ ಆಗಷ್ಟೇ ಬಿದ್ದಿತ್ತು. ಹಸಿರು. ಪಕ್ಕದಲ್ಲಿ ಎರಡು ಫೋನುಗಳ ಚಕ್ರ ತಿರುಗುತ್ತಿತ್ತು, ಮಡಿಲಲ್ಲಿ ಗೆರೆ ಹಸಿರಾಗಿತ್ತು. ಚಿಕ್ಕಹನುಮಯ್ಯ ಬಗ್ಗಿ ಪರದೆ ನೋಡುತ್ತಿದ್ದರು. ಆ ಬಣ್ಣದ ಅರ್ಥವನ್ನು ಏಪ್ರಿಲ್‌ನಲ್ಲಿ ಅವಳೇ ಅವರಿಗೆ ಹೇಳಿಕೊಟ್ಟಿದ್ದಳು. ಅವಳು ಲ್ಯಾಪ್‌ಟಾಪು ಮುಚ್ಚಿಬಿಟ್ಟಳು.

ಆರು ಇಪ್ಪತ್ತಕ್ಕೆ ಪುಟ ತೆರೆಯಿತು. ಸ್ಲಾಟು ಒಂದೂ ಉಳಿದಿರಲಿಲ್ಲ. "ಇವತ್ತು ನೆಟ್ಟು ಸರಿ ಇಲ್ಲ ಅನ್ಸುತ್ತೆ. ನಾನು ನೋಡ್ತೀನಿ," ಎಂದಳು. ಹೇಳುವಾಗಲೇ ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ನಿಮ್ಗೂ ತೊಂದ್ರೆ ಕೊಟ್ಟೆ," ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದರು.

ಆವತ್ತು ಇಡೀ ದಿನ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಕಾವಲು ಸುಳ್ಳು ಹೇಳಿರಲಿಲ್ಲ. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತ್ತು. ಅದು ತೆರೆಯುತ್ತಿದ್ದದ್ದು ಸೈಟಿನ ಮೊದಲ ಪುಟವನ್ನು. ಕೇಂದ್ರದ ಫೋಟೋ ಮತ್ತು ವಿಳಾಸ ಇರುವ ಆ ಪುಟ ಮುಂಚೆಯೇ ಸಿದ್ಧವಾಗಿ ಕೂತಿರುತ್ತದೆ, ಕೇಳಿದ ತಕ್ಷಣ ಬರುತ್ತದೆ. ಅದನ್ನು ತೆರೆಯುತ್ತಿದ್ದದ್ದೂ ಹೊರಗಿನಿಂದಲ್ಲ, ಅದೇ ಸರ್ವರಿನ ಒಳಗಿನಿಂದ. ಸ್ಲಾಟು ಹಿಡಿಯುವ ಪುಟದ ಹತ್ತಿರಕ್ಕೆ ಅದು ಒಂದು ದಿನವೂ ಹೋಗಿರಲಿಲ್ಲ. ಹೋಗಿದ್ದರೂ ಸರಾಸರಿಯಲ್ಲಿ ಏನೂ ಕಾಣುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತಮೂರೂವರೆ ಗಂಟೆ ಯಾರೂ ಬಾರದ ಸೈಟಿನಲ್ಲಿ ಅರ್ಧ ಗಂಟೆಯ ನರಳಾಟ ಕರಗಿಹೋಗುತ್ತಿತ್ತು.

ಸರ್ವರು ತನಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಸಾಲುಸಾಲಾಗಿ ಬರೆದಿಡುತ್ತದೆ. ಯಾರು ಕೇಳಿದರು, ಎಷ್ಟು ಹೊತ್ತಿಗೆ ಕೇಳಿದರು, ಎಷ್ಟು ಸೆಕೆಂಡು ಕಾಯಿಸಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಇಷ್ಟು ದಿನ ಆ ಕಡತ ಅಲ್ಲೇ ಇತ್ತು. ಅವಳು ತೆರೆದು ಓದಿರಲಿಲ್ಲ. ಈಗ ಆರು ಗಂಟೆಯ ಸಾಲುಗಳನ್ನು ಬೇರೆ ತೆಗೆದು ನೋಡಿದರೆ ಮೂವತ್ತು ಸೆಕೆಂಡು, ನಲವತ್ತೆಂಟು ಸೆಕೆಂಡು, ಆಮೇಲೆ ಉತ್ತರವೇ ಇಲ್ಲ. ರೋಗಿಗಳ ನೋಂದಣಿ ನಂಬರೂ ಆ ಸಾಲುಗಳಲ್ಲಿತ್ತು. ಅವಳು ರಾಮಕ್ಕನ ನಂಬರು ಹಾಕಿ ಹುಡುಕಿದಳು.

ಮಾರ್ಚ್ ಒಂಬತ್ತನೇ ತಾರೀಕು, ಆರು ಗಂಟೆ ನಾಲ್ಕು ಸೆಕೆಂಡಿಗೆ ಒಮ್ಮೆ. ನಲವತ್ತನೇ ಸೆಕೆಂಡಿಗೆ ಒಮ್ಮೆ. ಆರು ಗಂಟೆ ಎರಡು ನಿಮಿಷಕ್ಕೆ. ಮೂರು ನಿಮಿಷಕ್ಕೆ ಎರಡು ಸಲ. ಹತ್ತನೇ ತಾರೀಕು ಮತ್ತೆ. ಹನ್ನೊಂದನೇ ತಾರೀಕು ಮತ್ತೆ. ಎಣಿಸುತ್ತ ಹೋದರೆ ಅರವತ್ತೊಂದು ಬೆಳಗು. ಅಷ್ಟರಲ್ಲಿ ಸ್ಲಾಟು ಸಿಕ್ಕಿದ್ದು ಒಂಬತ್ತು ಸಲ. ಒಂದು ದಿನವೂ ಅವರು ತಡ ಮಾಡಿರಲಿಲ್ಲ. ಏಪ್ರಿಲ್‌ನಲ್ಲಿ ಅವಳು ನಗುತ್ತ ವಾಪಸು ಕಳಿಸಿದ ಮರುದಿನವೂ ಆರು ಗಂಟೆ ಮೂರು ಸೆಕೆಂಡಿಗೆ ಅವರ ಸಾಲು ಇತ್ತು.

ಸರಿ ಮಾಡಲು ಮೂರು ದಿನ ಹಿಡಿಯಿತು. ಮೊದಲು ಸಿಕ್ಕಿದ್ದು ಅವಳೇ ಏರಿಸಿದ ಆ ಮುನ್ನೂರರ ಲೆಕ್ಕ. ಸರ್ವರಿನ ಮೆಮೊರಿಗೆ ನಲವತ್ತೈವತ್ತು ಜನರ ಕೆಲಸ ಹೊರುವ ಶಕ್ತಿಯಿದೆ. ಮುನ್ನೂರನ್ನು ಒಟ್ಟಿಗೆ ಹೊತ್ತುಕೊಳ್ಳಲು ಹೋಗಿ, ಮೆಮೊರಿ ತುಂಬಿ, ಅದು ಪ್ರತಿಯೊಂದನ್ನೂ ಡಿಸ್ಕಿಗೆ ಇಳಿಸಿ ಹತ್ತಿಸಿ ಸುಸ್ತಾಗುತ್ತಿತ್ತು. ಲೆಕ್ಕವನ್ನು ಮತ್ತೆ ನಲವತ್ತಕ್ಕೆ ಇಳಿಸಿದಳು. ಸರತಿಯಲ್ಲಿ ನಿಂತವರಿಗೆ ಬೇಗ ಬೇಗ ಉತ್ತರ ಸಿಗತೊಡಗಿತು. ಎರಡನೆಯದಾಗಿ, ಸ್ಲಾಟು ಖಾಲಿಯಿದೆಯೇ ಎಂದು ನೋಡಲು ಸೈಟು ಪ್ರತಿ ಸಲವೂ ಐದು ವರ್ಷದ ಹಳೆಯ ದಾಖಲೆಯನ್ನೆಲ್ಲ ಮೊದಲಿನಿಂದ ಓದುತ್ತಿತ್ತು. ತಾರೀಕಿನ ಪ್ರಕಾರ ಒಂದು ಸೂಚಿ ಮಾಡಿಕೊಟ್ಟಮೇಲೆ ನೇರವಾಗಿ ಆ ದಿನಕ್ಕೇ ಹೋಗತೊಡಗಿತು.

ಮೂರನೆಯದು ಕಂಡಾಗ ಅವಳು ಕುರ್ಚಿ ಬಿಟ್ಟು ಎದ್ದು ನಿಂತಳು. ಯಾರಾದರೂ ಸ್ಲಾಟು ಒತ್ತಿ, ನಡುವೆ ಸೈಟು ಕೈಕೊಟ್ಟರೆ, ಆ ಸ್ಲಾಟು ಯಾರ ಹೆಸರಿಗೂ ಬೀಳದೆ, ಖಾಲಿಯೂ ಆಗದೆ, ತುಂಬಿದೆ ಎಂದು ಉಳಿದುಬಿಡುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು. ಫಿಸಿಯೋಥೆರಪಿಸ್ಟ್ ಉಮಾಶ್ರೀ ಎಷ್ಟೋ ಸಲ ಹೇಳಿದ್ದಳು, ಮಧ್ಯಾಹ್ನ ಮಂಚಗಳು ಖಾಲಿ ಬಿದ್ದಿರುತ್ತವೆ ಎಂದು. ದಿನದ ಪಟ್ಟಿಯಲ್ಲಿ ತುಂಬಿದೆ ಎಂದಷ್ಟೇ ಇರುತ್ತಿದ್ದುದರಿಂದ, ಬುಕ್ ಮಾಡಿದವರು ಬಂದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. "ಪುಕ್ಕಟೆ ಅಂದ್ರೆ ಜನಕ್ಕೆ ಅಸಡ್ಡೆ," ಎಂದು ಉಗ್ರಪ್ಪನವರು ಮೀಟಿಂಗಿನಲ್ಲಿ ಬೇಸರಪಟ್ಟುಕೊಂಡಾಗ ಜ್ಯೋತಿಲಕ್ಷ್ಮಿಯೂ ಹೌದು ಸಾರ್ ಎಂದು ತಲೆಯಾಡಿಸಿದ್ದಳು. ಆ ಮಂಚಗಳಿಗೆ ಬರಬೇಕಾದವರು ಬೆಳಿಗ್ಗೆ ಆರಕ್ಕೆ ಚಕ್ರ ನೋಡುತ್ತ ಕೂತಿದ್ದರು.

ನಾಲ್ಕನೆಯ ಬೆಳಿಗ್ಗೆ ಅವಳು ಮತ್ತೆ ಆ ಮೆಟ್ಟಿಲ ಮೇಲೆ ಕೂತು ತನ್ನ ಫೋನಿನಿಂದ ಒತ್ತಿದಳು. ಎರಡು ಸೆಕೆಂಡಿಗೆ ಪುಟ ಬಂತು. ಖುಷಿಯಾಗಬೇಕಿತ್ತು. ಇಷ್ಟೇ ಇತ್ತಲ್ಲ ಎಂದುಕೊಳ್ಳುತ್ತ ಅವಳು ಇನ್ನೊಮ್ಮೆ ಒತ್ತಿ ನೋಡಿದಳು.

ಮಧ್ಯಾಹ್ನ ಅವಳು ಉಗ್ರಪ್ಪನವರ ಮುಂದೆ ಹೋಗಿ ಎಲ್ಲವನ್ನೂ ಹೇಳಿದಳು. ಸೂಚನಾ ಫಲಕಕ್ಕೆ ಹಾಕಲು ಒಂದು ಹಾಳೆಯನ್ನೂ ಬರೆದುಕೊಂಡು ಹೋಗಿದ್ದಳು. ಹದಿನಾಲ್ಕು ತಿಂಗಳಿಂದ ಸ್ಲಾಟು ಸಿಗದೆ ಹೋದದ್ದು ಕೇಂದ್ರದ ತಪ್ಪು, ನಿಮ್ಮ ಫೋನಿನದಲ್ಲ, ಕ್ಷಮಿಸಿ ಎಂದು ಅದರಲ್ಲಿತ್ತು.

ಉಗ್ರಪ್ಪನವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಈಗ ಸರಿಹೋಗಿದೆ ತಾನೇನಮ್ಮ?"

"ಹೋಗಿದೆ ಸಾರ್."

"ಮತ್ತೆ ಇದ್ಯಾಕೆ? ಯಾರಿಗೂ ಗೊತ್ತೇ ಇಲ್ವಲ್ಲ. ವರ್ಷ ಪೂರ್ತಿ ದಾನಿಗಳಿಗೆ ಆ ಚಿತ್ರ ಕಳಿಸಿದೀವಿ. ಈಗ ಇದನ್ನ ಬೋರ್ಡಿಗೆ ಹಾಕಿದ್ರೆ ಟ್ರಸ್ಟಿನ ಮರ್ಯಾದೆ ಏನಾಗುತ್ತೆ?" ಪೆನ್ನು ತೆಗೆದು ಹೊಡೆದು ಹಾಕಿ ಮೇಲೆ ಬರೆದರು. ತಾಂತ್ರಿಕ ಕಾರಣಗಳಿಂದ ಕೆಲವರಿಗೆ ಅನಾನುಕೂಲವಾಗಿದ್ದು ಈಗ ಸರಿಪಡಿಸಲಾಗಿದೆ. "ಇಷ್ಟು ಸಾಕು. ನೀವು ಒಬ್ರೇ ಇಷ್ಟೆಲ್ಲ ಕಂಡುಹಿಡಿದ್ರಲ್ಲ, ಅದೇ ದೊಡ್ಡದು."

ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅವಳು ವಾದ ಮಾಡಬಹುದಿತ್ತು, ಮಾಡಲಿಲ್ಲ. ಹಾಳೆಯನ್ನು ಟೈಪು ಮಾಡಿಸಿ, ಪಿನ್ನು ಚುಚ್ಚಿ, ಫಲಕದ ಮೂಲೆಯಲ್ಲಿ ಹಾಕಿದಳು. ಕೆಲಸ ಹೋಗುತ್ತದೆಂಬ ಭಯ ಇರಲಿಲ್ಲ. ಸರ್ವರ್ ಮೇಡಂ ಎಂಬ ಹೆಸರು ಹೋಗುತ್ತದೆಂಬ ಭಯ ಇತ್ತು. ಹಾಗೆಂದು ಒಪ್ಪಿಕೊಳ್ಳಲು ಅವಳಿಗೆ ಮತ್ತೆರಡು ದಿನ ಬೇಕಾಯಿತು. ಮನೆಯಲ್ಲಿ ಸುಬ್ರಮಣಿ, "ಏನಾಯ್ತೇ, ಊಟ ಸೇರ್ತಾ ಇಲ್ಲ?" ಎಂದು ಕೇಳಿದಾಗ ತಲೆನೋವು ಎಂದಳು. ಗೆಳೆಯರ ಮುಂದೆ ತನ್ನನ್ನು ಹೊಗಳಿಕೊಂಡು ಓಡಾಡಿದ ಗಂಡನಿಗೆ ಇದನ್ನು ಹೇಳುವುದಕ್ಕೂ ಅವಳಿಗೆ ನಾಲಿಗೆ ಏಳಲಿಲ್ಲ.

ಭಾನುವಾರ ಅವಳು ಗೋವಿಂದರಾಜನಗರಕ್ಕೆ ಹೋದಳು. ನೋಂದಣಿ ಪುಸ್ತಕದಲ್ಲಿದ್ದ ವಿಳಾಸ ಹಿಡಿದು ಕೇಳಿಕೊಂಡು ಹೋದರೆ ವಠಾರದ ಒಳಗಡೆ ಎರಡು ಕೋಣೆಯ ಮನೆ. ಚಿಕ್ಕಹನುಮಯ್ಯ ಸೊಪ್ಪು ಸೋಸುತ್ತಿದ್ದರು. ರಾಮಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಮುಷ್ಟಿ ಬಿಗಿದುಕೊಂಡಿತ್ತು.

ಅವಳು ಕೂರಲಿಲ್ಲ. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. "ಯಜಮಾನ್ರೆ, ತಪ್ಪು ನಿಮ್ದಲ್ಲ. ನಿಮ್ ಫೋನಿಂದೂ ಅಲ್ಲ, ಬೆರಳಿಂದೂ ಅಲ್ಲ. ಹೋದ್ ವರ್ಷ ನಾನೇ ಒಂದು ಸೆಟ್ಟಿಂಗ್ ತಪ್ಪಾಗಿ ಬದಲಾಯಿಸಿದ್ದೆ. ಬೆಳಿಗ್ಗೆ ಆರು ಗಂಟೆಗೆ ಯಾರಿಗೂ ಸರಿಯಾಗಿ ತೆರೀತಾ ಇರ್ಲಿಲ್ಲ. ನಾನು ನೋಡ್ದೇ ನಿಮ್ ಫೋನ್ ಹಳೇದು ಅಂದ್ಬಿಟ್ಟೆ."

ಚಿಕ್ಕಹನುಮಯ್ಯ ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದರು. ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡೇನೆ? ನನ್ ತಪ್ಪಲ್ವಂತೆ." ಜ್ಯೋತಿಲಕ್ಷ್ಮಿಗೆ ವಿವರಿಸುವವರಂತೆ ಹೇಳಿದರು, "ಪಕ್ಕದ್ಮನೆಯೋರ್ಗೆ ಸಿಗುತ್ತೆ, ನಿಂಗ್ಯಾಕ್ ಸಿಗಲ್ಲ ಅಂತ ದಿನಾ ಬೈಯೋಳು. ಅರ್ಧ ಮಾತಲ್ಲೇ ಬೈಯೋಳು. ನಂಗೂ ಹಂಗೇ ಅನ್ಸೋದು, ಒಂದ್ ಗುಂಡಿ ಒತ್ತಕ್ಕಾಗದ ಮನುಷ್ಯ ಅಂತ."

ರಾಮಕ್ಕ ಗಂಡನನ್ನು ನೋಡಿದರು. ತುಟಿ ಒಂದು ಕಡೆಗೆ ಎಳೆದು, ಬಹಳ ಕಷ್ಟದಿಂದ ಒಂದು ಮಾತು ಹೊರಬಂತು. "ಬೈದೆ." ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಜ್ಯೋತಿಲಕ್ಷ್ಮಿ ಹೊರಡುವವರೆಗೂ ಈ ಕಡೆ ತಿರುಗಲಿಲ್ಲ.

ಬಾಗಿಲ ತನಕ ಬಂದ ಚಿಕ್ಕಹನುಮಯ್ಯ ದನಿ ತಗ್ಗಿಸಿ, ಸಿಟ್ಟಿಲ್ಲದೆ ಹೇಳಿದರು, "ಅವತ್ತು ಒಂದ್ಸಲ ನನ್ ಫೋನ್ ಇಸ್ಕೊಂಡು ನೋಡಿದ್ರೆ ಆಗ್ತಿತ್ತಲ್ಲಮ್ಮ." ಅಷ್ಟು ಹೇಳಿ, "ಕಾಫಿನಾದ್ರೂ ಕುಡ್ಕೊಂಡ್ ಹೋಗಿ," ಎಂದರು. ಅವಳು ಬೇಡವೆಂದು ತಲೆಯಾಡಿಸಿ, ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ವಠಾರ ದಾಟಿದಳು.

ಆವತ್ತು ಸಂಜೆ ಅವಳು ಗಂಡನಿಗೆ ಎಲ್ಲ ಹೇಳಿದಳು. ಅವನು, ಲೇತಿನಲ್ಲಿ ಅಳತೆ ತಪ್ಪಿ ಒಂದು ಇಡೀ ಲಾಟು ಕೆಡಿಸಿದ್ದನ್ನು ತಾನು ಯಾರಿಗೂ ಹೇಳಿರಲಿಲ್ಲವೆಂದ. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ. ಕೆಟ್ಟ ಕಬ್ಬಿಣವನ್ನು ಗುಜರಿಗೆ ಹಾಕಬಹುದು.

ಮುಂದಿನ ವಾರ ಅವಳು ಕಡತದಿಂದ ಇನ್ನೂ ಮೂವತ್ತೊಂದು ಜನರ ನಂಬರು ತೆಗೆದಳು. ಚಿಕ್ಕಹನುಮಯ್ಯನವರ ಹಾಗೆ ತಿಂಗಳುಗಟ್ಟಲೆ ಒತ್ತಿ ಸೋತವರು. ಉಗ್ರಪ್ಪನವರಿಗೆ ಹೇಳದೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಬ್ಬೊಬ್ಬರಿಗೇ ಫೋನು ಮಾಡಿ ಅದೇ ಮಾತು ಹೇಳಿದಳು. ಕೆಲವರಿಗೆ ಏನೆಂದು ನೆನಪಾಗಲಿಲ್ಲ. ದೀಪಾಂಜಲಿ ನಗರದ ಅಣ್ಣಮ್ಮ ಎಂಬಾಕೆ, ತಾನು ಕಾದು ಕಾದು ಖಾಸಗಿಯವರ ಹತ್ತಿರ ಹೋದೆನೆಂದೂ, ಈಗ ಫೋನು ಮಾಡಿ ಯಾವ ಪುಣ್ಯ ಕಟ್ಟಿಕೊಳ್ಳುತ್ತೀಯೆಂದೂ ಐದು ನಿಮಿಷ ಬೈದಳು. ಜ್ಯೋತಿಲಕ್ಷ್ಮಿ ಕೇಳಿಸಿಕೊಂಡಳು. ಒಂದು ಮನೆಯಲ್ಲಿ ಫೋನೆತ್ತಿದ ಸೊಸೆ, "ಮಾವ ಈಗ ಎಲ್ಲೂ ಹೋಗಲ್ಲ ಬಿಡಿ, ಬೇಡ ಅಂದ್ಬಿಟ್ಟಿದಾರೆ," ಎಂದಳು. ಇಪ್ಪತ್ತು ಜನ ಮತ್ತೆ ಬರಲು ಒಪ್ಪಿದರು.

ಕಾವಲನ್ನು ಅವಳು ಪೂರ್ತಿ ಬದಲಾಯಿಸಿದಳು. ಈಗ ಅದು ಹೊರಗಿನಿಂದ, ಸ್ಲಾಟು ಹಿಡಿಯುವ ಪುಟವನ್ನೇ, ಆರು ಗಂಟೆಗೆ ನಿಮಿಷ ನಿಮಿಷವೂ ನೋಡುತ್ತದೆ. ಸರಾಸರಿ ತೆಗೆಯುವುದಿಲ್ಲ. ಸರ್ವರಿನ ಕಡತವನ್ನೂ ಓದಿ, ನೂರು ಜನರಲ್ಲಿ ಎಲ್ಲರಿಗಿಂತ ಹೆಚ್ಚು ಕಾದ ಐದು ಜನ ಎಷ್ಟು ಕಾದರೆಂದು ಹೇಳುತ್ತದೆ. ಆ ಗೆರೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಮಳೆ ಬಂದ ದಿನ, ಕರೆಂಟು ಹೋದ ದಿನ ಏರುತ್ತದೆ, ಕೆಂಪಾಗುತ್ತದೆ. ಉಗ್ರಪ್ಪನವರು ಒಂದು ಸಲ ನೋಡಿ, ಇದನ್ನು ದಾನಿಗಳಿಗೆ ಕಳಿಸುವುದು ಬೇಡವೆಂದರು. ಈ ನವೆಂಬರಿನಲ್ಲಿ ಶಾಲು ಕೌಂಟರಿನ ಬೇರೊಬ್ಬರಿಗೆ ಹೋಯಿತು.

ರಾಮಕ್ಕ ಈಗ ವಾರಕ್ಕೆ ಮೂರು ದಿನ ಬರುತ್ತಾರೆ. ಕೋಲು ಹಿಡಿದು ನಡೆಯುತ್ತಾರೆ, ಮಾತು ಮುಕ್ಕಾಲು ಬಂದಿದೆ. ಬಲಗೈಯ ಬೆರಳು ಮಾತ್ರ ತಾವಾಗಿಯೇ ಬಿಚ್ಚುವುದಿಲ್ಲ. ಮಾರ್ಚಿನಿಂದಲೇ ಸರಿಯಾಗಿ ಬಂದಿದ್ದರೆ ಬಿಚ್ಚುತ್ತಿತ್ತೇ ಎಂದು ಜ್ಯೋತಿಲಕ್ಷ್ಮಿ ಒಂದು ದಿನ ಉಮಾಶ್ರೀಯನ್ನು ಕೇಳಿದಳು. ಉಮಾಶ್ರೀ ಯಾರದೋ ಮೊಣಕಾಲು ಮಡಿಸುತ್ತ, ತಲೆಯೆತ್ತದೆ, "ಹೇಳಕ್ಕಾಗಲ್ಲ ಮೇಡಂ. ಮೊದಲ ಆರ್ ತಿಂಗಳು ಮುಖ್ಯ. ಆಗ್ತಿತ್ತೋ ಏನೋ, ಆಗ್ತಾ ಇರ್ಲಿಲ್ವೋ ಏನೋ," ಎಂದಳು.

ರಾಮಕ್ಕ ಜ್ಯೋತಿಲಕ್ಷ್ಮಿಯನ್ನು ಕಂಡರೆ ಮಾತಾಡಿಸುವುದಿಲ್ಲ. ಚಿಕ್ಕಹನುಮಯ್ಯ ಮಾತಾಡಿಸುತ್ತಾರೆ. ಕರೆಂಟು ಬಿಲ್ಲು, ಪಿಂಚಣಿಯ ಕಾಗದ ಏನಿದ್ದರೂ ಅವಳ ಕೋಣೆಗೆ ತರುತ್ತಾರೆ. ಅವಳು ಕೈಯಲ್ಲಿರುವ ಕೆಲಸ ಬಿಟ್ಟು ಮಾಡಿಕೊಡುತ್ತಾಳೆ. ಅದಕ್ಕೆ ಅವರು ಹೊರಗೆ ಅವಳ ಗುಣಗಾನ ಮಾಡುತ್ತಾರೆ. ಅವಳಿಗೆ ಅದನ್ನು ಕೇಳಲಾಗುವುದಿಲ್ಲ.

ಡಿಸೆಂಬರಿನ ಒಂದು ದಿನ ಕಾಯುವ ಹಾಲಿನಲ್ಲಿ ಹತ್ತು ಹನ್ನೆರಡು ಜನರಿದ್ದರು. ಅವಳು ಕೌಂಟರಿಗೆ ಬಂದಾಗ ಚಿಕ್ಕಹನುಮಯ್ಯ, ಹೊಸದಾಗಿ ಬಂದಿದ್ದ ಹೆಂಗಸೊಬ್ಬಳಿಗೆ ಫೋನಿನಲ್ಲಿ ಸ್ಲಾಟು ಹಿಡಿಯುವುದನ್ನು ತೋರಿಸಿಕೊಡುತ್ತಿದ್ದರು.

"ಮುಂಚೆ ಇದು ತೆರೀತಾನೇ ಇರ್ಲಿಲ್ಲ ಕಣಮ್ಮ," ಎಂದು ಹೇಳಿ ತಲೆಯೆತ್ತಿ ಅವಳನ್ನು ಕಂಡು, "ಇದೇ ಮೇಡಮ್ಮೋರು ಸರಿ ಮಾಡಿದ್ದು," ಎಂದರು.

ಹಾಲಿನಲ್ಲಿದ್ದವರೆಲ್ಲ ಅವಳ ಕಡೆ ನೋಡಿದರು. ಗೋಡೆ ಪಕ್ಕದ ಬೆಂಚಿನಲ್ಲಿ ರಾಮಕ್ಕನೂ ಕೂತಿದ್ದರು.

"ಕೆಡಿಸಿದ್ದೂ ನಾನೇ," ಎಂದಳು ಜ್ಯೋತಿಲಕ್ಷ್ಮಿ, ಎಲ್ಲರಿಗೂ ಕೇಳುವ ಹಾಗೆ. "ಹದಿನಾಲ್ಕು ತಿಂಗಳು ಕೆಟ್ಟಿತ್ತು. ನಾನು ನೋಡ್ಕೊಳ್ಲಿಲ್ಲ."

ಹೊಸದಾಗಿ ಬಂದಿದ್ದ ಹೆಂಗಸು, ಎಷ್ಟು ತಮಾಷೆಯಾಗಿ ಮಾತಾಡುತ್ತಾರೆ ಇವರು ಎಂಬಂತೆ ನಕ್ಕಳು. ಪಕ್ಕದವರೂ ನಕ್ಕರು. ರಾಮಕ್ಕ ನಗಲಿಲ್ಲ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಅವಳನ್ನೇ ನೋಡುತ್ತಿದ್ದರು.